ನೀರೊಳಗಿನ ಬೆವರು

ನಾನು ವಿಜ್ಞಾನ ಕಲಿಸುವ ಮಾಸ್ತರ. ಬಿ.ಎಸ್ಸಿ., ಬಿ.ಇಡಿ. ಮುಗಿಸಿಕೊಂಡು ಮುಧೋಳ, ಜಮಖಂಡಿ ಕಡೆಯ ಹಳ್ಳಿಗಳ ಹೈಸ್ಕೂಲುಗಳಲ್ಲಿ ಮಸೂರ, ಪ್ರನಾಳ, ಬ್ಯೂರೆಟ್ಟುಗಳ ನಡುವೆ ಸುಮಾರು ಮೂವತ್ತು ವರ್ಷ ಕಳೆದವನು. ಇಂಥವನು ಕಾವ್ಯದ ವಿಚಾರ ಬರೆಯಲು ಹೊರಟರೆ, ‘ಇವರಿಗೇಕೆ ಬೇಕಿತ್ತು ಈ ಉಸಾಬರಿ’ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಕಾವ್ಯದ ಮೇಲೆ ನನಗೆ ಅಧಿಕಾರವಿಲ್ಲ. ಅದರ ಒಂದು ಸಾಲ ಮಾತ್ರ ನನ್ನ ತಲೆಯ ಮೇಲಿದೆ. ಅದನ್ನು ಹೇಳಿಕೊಳ್ಳುವುದಕ್ಕಾಗಿ ಈ ಬರಹ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕನ್ನಡ ಪಂಡಿತರು ಮಗಳ ಮದುವೆಗೆಂದು ರಜೆ ಹಾಕಿದ್ದರು. ಅವರ ತಾಸಿಗೆ ಹೋಗಿ ಕೂಡಲು ಹೆಡ್‌ಮಾಸ್ತರರು ನನಗೆ ಹೇಳಿದರು. ಹತ್ತನೆಯ ತರಗತಿ. ಆಗ ನಡೆದಿದ್ದುದು ರನ್ನನ ಗದಾಯುದ್ಧದಿಂದ ಆಯ್ದ ಪಾಠ. ‘ಓದಿಕೊಳ್ರಿ’ ಎಂದು ಹೇಳಿ ನಾನು ನೋಟ್ಸ್ ತಿದ್ದುತ್ತ ಕುಳಿತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ದುರ್ಯೋಧನ ಸರೋವರದಾಗ ಅಡಗಿ ಕುಂತಿದ್ನಂತ. ಭೀಮ ದಂಡಿ ಮ್ಯಾಲೆ ನಿಂತು ಒದರಿದ್ದಕ್ಕ ನೀರಾಗ ಬೆವತ್ನಂತ. ಪಂಡಿತ ಸರ್ ಹೇಳ್ಯಾರ. ನೀರಾಗಿದ್ದಾಂವ ಬೆವರತಾನೇನ್ರಿ? ವಿಜ್ಞಾನದ ಪ್ರಕಾರ ಇದು ಸುಳ್ಳಲ್ರಿ?”

ಹುಡುಗರೆಲ್ಲ ನಕ್ಕರು. ನನಗೆ ಮಾತ್ರ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಅವನಿಗೆ ಕೊಟ್ಟ ಉತ್ತರ ಕೇಳಿ.

ಮೈ ತಂಪಾಗಲೆಂದು ನಾವು ಬೆವರುತ್ತೇವೆ. ಚರ್ಮದ ಮೇಲಿನ ಒಂದು ಗ್ರಾಂ ಬೆವರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖ ಮೈಯಿಂದಲೇ ಹೋಗುವುದರಿಂದ ಮೈ ತಣ್ಣಗಾಗುತ್ತದೆ. ನೀರೊಳಗೆ ಆವಿಯಾಗುವ ಮಾತಿಲ್ಲ. ಆದರೂ ಬೆವರಿನ ಗ್ರಂಥಿಗಳು ಕೆಲಸ ನಿಲ್ಲಿಸುವುದಿಲ್ಲ. ಬಿಸಿಲಿನಲ್ಲಿ ಕಾದ ನೀರಿನಲ್ಲಿ ಬಹಳ ಹೊತ್ತು ಈಜುವವರೂ ಬೆವರುತ್ತಾರೆ. ನೀರಿನಲ್ಲಿ ನೀರು ಕೂಡಿ ಹೋಗುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಇನ್ನು ಎರಡನೆಯ ಬಗೆಯ ಬೆವರು ಇದೆ. ಸಿಟ್ಟು, ಅಂಜಿಕೆ, ಅವಮಾನ ಆದಾಗ ಅಂಗೈ, ಅಂಗಾಲು, ಹಣೆ, ಕಂಕುಳಲ್ಲಿ ಒಡೆಯುವ ಬೆವರು. ಅದಕ್ಕೆ ಸೆಕೆಯ ಹಂಗಿಲ್ಲ. ಪರೀಕ್ಷೆಯ ಹಾಲಿನಲ್ಲಿ ನಿಮ್ಮ ಅಂಗೈ ಒದ್ದೆಯಾಗುವುದು ಫ್ಯಾನ್ ಇಲ್ಲದ್ದಕ್ಕಲ್ಲ. ಹೀಗಾಗಿ ತಣ್ಣೀರಿನಲ್ಲಿ ಕುಳಿತ ದುರ್ಯೋಧನ ಸಿಟ್ಟಿನಿಂದ ಬೆವತ ಎಂದರೆ ರನ್ನ ಸುಳ್ಳು ಹೇಳಿದಂತಾಗಲಿಲ್ಲ.

ಹುಡುಗ ಒಪ್ಪಿ ಕುಳಿತ. ನಾನು ಒಪ್ಪಿ ಕೂಡಲಾಗಲಿಲ್ಲ. ಆ ಸಂಜೆ ಗ್ರಂಥಾಲಯದ ಕಪಾಟಿನಿಂದ ಅರ್ಥಸಹಿತವಾದ ಗದಾಯುದ್ಧ ತೆಗೆದುಕೊಂಡು ಮನೆಗೆ ಬಂದೆ. ಬೇಸಿಗೆ ರಜೆಯಲ್ಲಿ ಪಂಡಿತರ ಕೈಯಿಂದ ಪಂಪಭಾರತವನ್ನೂ ಕಡ ತಂದೆ. ಹಳಗನ್ನಡ ನನಗೆ ಕಬ್ಬಿಣದ ಕಡಲೆ. ದಿನಕ್ಕೆ ಹತ್ತು ಪದ್ಯವಾದರೆ ಹೆಚ್ಚು. ಆದರೂ ಬಿಡಲಿಲ್ಲ.

ರನ್ನ ನಮ್ಮವನು. ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮುಧೋಳ ತಾಲೂಕಿನ ಬೆಳಗಲಿಯನ್ನು ನಾವು ಇಂದಿಗೂ ರನ್ನ ಬೆಳಗಲಿ ಎಂದೇ ಕರೆಯುತ್ತೇವೆ. ಬಳೆ ಮಾರುವವರ ಮನೆಯ ಹುಡುಗ ವಿದ್ಯೆಯ ಹಸಿವಿನಿಂದ ದೂರದ ಶ್ರವಣಬೆಳಗೊಳಕ್ಕೆ ಹೋದ. ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ. ಕೊನೆಗೆ ಚಾಲುಕ್ಯ ತೈಲಪನ ಕಾಲದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟು ಗುಂಡಿಗೆ ಬೇಕು ಎಂಬರ್ಥದ ಸವಾಲು ಹಾಕಿದ ಅಭಿಮಾನಿ ಅವನು.

ಇಂಥ ಅಭಿಮಾನಿಯ ಕಾವ್ಯದಲ್ಲಿ ನಾನು ಕಂಡದ್ದೇನು? ಹೆಜ್ಜೆಹೆಜ್ಜೆಗೆ ಪಂಪ. ಪಂಪ ಹುಟ್ಟಿದ್ದು 902ರಲ್ಲಿ. ವಿಕ್ರಮಾರ್ಜುನ ವಿಜಯ, ಅಂದರೆ ಪಂಪಭಾರತ ಬರೆದದ್ದು 941ರಲ್ಲಿ, ರನ್ನ ಹುಟ್ಟುವುದಕ್ಕೆ ಎಂಟು ವರ್ಷ ಮೊದಲು. ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಕಥೆ ಕಟ್ಟಿದರೆ, ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಟ್ಟಿದ. ಪಂಪನ ಕೊನೆಯಲ್ಲಿ ಪಟ್ಟ ಅರ್ಜುನನಿಗೆ, ರನ್ನನ ಕೊನೆಯಲ್ಲಿ ಭೀಮನಿಗೆ. ಪಂಪಭಾರತದ ಹದಿಮೂರನೆಯ ಆಶ್ವಾಸವೇ ಗದಾಯುದ್ಧದ ಬೀಜವೆಂದು ವಿದ್ವಾಂಸರು ಎಂದೋ ತೋರಿಸಿಕೊಟ್ಟಿದ್ದಾರೆ. ಕೆಲವು ಪದ್ಯಗಳಲ್ಲಂತೂ ಪಂಪನ ಮಾತುಗಳೇ ಸ್ವಲ್ಪ ವೇಷ ಬದಲಿಸಿ ಬಂದು ನಿಲ್ಲುತ್ತವೆ. ಸಾಲದ್ದಕ್ಕೆ ಸಂಸ್ಕೃತದ ನಾಟಕಗಳೂ ಇವೆ. ಬಿಚ್ಚಿದ ಮುಡಿಯ ದ್ರೌಪದಿ ಭೀಮನನ್ನು ಕೆರಳಿಸುವ ಪ್ರಸಂಗಕ್ಕೆ ಭಟ್ಟನಾರಾಯಣನ ವೇಣೀಸಂಹಾರದ ನೆರಳಿದೆ. ತೊಡೆ ಮುರಿದು ಬಿದ್ದ ದುರ್ಯೋಧನನನ್ನು ಗೌರವದಿಂದ ನೋಡುವ ಕಣ್ಣು ಭಾಸನ ಊರುಭಂಗದಲ್ಲಿ ಮೊದಲೇ ತೆರೆದಿತ್ತು.

ಪರೀಕ್ಷೆಯಲ್ಲಿ ಕಾಪಿ ಹಿಡಿದು ಹಿಡಿದು ಪಳಗಿದ ಕೈ ನನ್ನದು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದಂತೆ ಆ ಕೈ ನಡುಗತೊಡಗಿತು. ರನ್ನ ನನ್ನ ತರಗತಿಯಲ್ಲಿ ಕುಳಿತಿದ್ದರೆ ನಾನು ಅವನನ್ನು ಏನು ಮಾಡುತ್ತಿದ್ದೆ? ಉತ್ತರ ನನಗೆ ಗೊತ್ತಿತ್ತು. ಏಕೆಂದರೆ ಅದನ್ನು ಒಮ್ಮೆ ಮಾಡಿಬಿಟ್ಟಿದ್ದೆ.

ಅದು 2004ರ ಸುಮಾರು. ಆಗ ನಾನಿದ್ದ ಶಾಲೆಯಲ್ಲಿ ಗೋಡೆ ಪತ್ರಿಕೆಯ ಹೊಣೆ ನನ್ನದು. ಕೈಬರಹ ಅಂದವಾಗಿದೆ ಎಂಬುದೊಂದೇ ಅದಕ್ಕೆ ಕಾರಣ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕವಿತೆ ತಂದುಕೊಟ್ಟಳು. ಅವರದು ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ತಾಯಿಯ ತವರಿಗೆ, ನಮ್ಮ ಶಾಲೆಯ ಊರಿಗೆ, ಬಂದು ನೆಲೆಸಿದ್ದರು. ಕವಿತೆಯಲ್ಲಿ ಅವಳ ಅಪ್ಪ ಹಿನ್ನೀರಿನ ದಂಡೆಯಲ್ಲಿ ನಿಂತು, ಅಲ್ಲಿ ನಮ್ಮ ಮನೆ, ಅಲ್ಲಿ ನಮ್ಮ ಹನಮಪ್ಪನ ಗುಡಿ ಎಂದು ಕೈಮಾಡಿ ತೋರಿಸುತ್ತಾನೆ. ಮನೆಯನ್ನು ಹೆಸರು ಹಿಡಿದು ಕರೆಯುತ್ತಾನೆ. ಆಗ ಮನೆಯ ಗೋಡೆಗಳು ನೀರೊಳಗೇ ಬೆವರುತ್ತವೆ.

ಅದೇ ವಾರ ಕನ್ನಡ ಪಂಡಿತರು ಸ್ಟಾಫ್ ರೂಮಿನಲ್ಲಿ ರನ್ನನ ಆ ಪದ್ಯವನ್ನು ಗಟ್ಟಿಯಾಗಿ ಹೇಳಿದ್ದರು. ಅರ್ಧ ತಿಳಿದವನ ಉತ್ಸಾಹ ನೋಡಿ, ಎಲ್ಲರೆದುರು ಅವಳನ್ನು ನಿಲ್ಲಿಸಿ ಕೇಳಿದೆ: “ಇದು ನಿನ್ನ ಸ್ವಂತದ್ದೇನು?”

ಅವಳು ತಲೆ ತಗ್ಗಿಸಿ ಹೇಳಿದಳು: “ಬೆವರೂದು ರನ್ನಂದರಿ ಸರ್. ಮನಿ ನಮ್ಮದು.”

ಇಂದು ಯೋಚಿಸಿದರೆ ಇದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ. ಅಂದು ಅದು ನನಗೆ ಎದುರುತ್ತರವಾಗಿ ಕೇಳಿಸಿತು. ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ನಕಲು’ ಎಂದು ದೊಡ್ಡದಾಗಿ ಬರೆದೆ, ಹರಿದು ಬುಟ್ಟಿಗೆ ಹಾಕಿದೆ. ತರಗತಿ ನಕ್ಕಿತು. ಅವಳು ಮತ್ತೆಂದೂ ಗೋಡೆ ಪತ್ರಿಕೆಗೆ ಏನನ್ನೂ ಕೊಡಲಿಲ್ಲ.

ನನಗೆ ತಿಳಿಯಬೇಕಾಗಿತ್ತು. ಕಾವ್ಯ ಓದಿ ಅಲ್ಲ, ನನ್ನ ಮನೆಯಿಂದಲೇ ತಿಳಿಯಬೇಕಾಗಿತ್ತು. ನಾನು ಬನಹಟ್ಟಿಯ ನೇಕಾರರ ಮಗ. ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸಪ್ಪಳದಿಂದ. ಅಪ್ಪ ಜಮಖಂಡಿಯ ಸಂತೆಗೆ ಹೋದರೆ ಕಾಯಿಪಲ್ಲೆಗಿಂತ ಹೆಚ್ಚಾಗಿ ಹೆಣ್ಣುಮಕ್ಕಳು ಉಟ್ಟ ಸೀರೆಯ ದಡಿಗಳನ್ನೇ ನೋಡುತ್ತಿದ್ದ, ಅವ್ವನಿಂದ ಬೈಸಿಕೊಳ್ಳುತ್ತಿದ್ದ. ಮನೆಗೆ ಬಂದು ಆ ದಡಿಯನ್ನು ನೆನಪಿನಿಂದಲೇ ಎಳೆ ಎಣಿಸಿ ಕೂಡಿಸುತ್ತಿದ್ದ. ಅದು ಮಗ್ಗದಿಂದ ಇಳಿಯುವ ಹೊತ್ತಿಗೆ ಬೇರೆಯೇ ಆಗಿರುತ್ತಿತ್ತು. ಒಮ್ಮೆ ನಾನು, “ಅಪ್ಪಾ, ಇದು ಅವರ ದಡಿ ಕದ್ದಂಗ ಆಗೂದಿಲ್ಲೇನು?” ಎಂದು ಕೇಳಿದ್ದೆ. ಅಪ್ಪ ಲಾಳಿ ನಿಲ್ಲಿಸದೆ ಹೇಳಿದ್ದ: “ಅವರು ಯಾರದು ನೋಡಿ ಕಲ್ತಿದ್ರೋ ಯಾರಿಗ್ಗೊತ್ತು. ಇದ್ದಂಗ ತಂದು ಕೂಡಿಸಿದ್ರ ನಮ್ಮ ಒಡಲಿಗೆ ಆ ದಡಿ ಒಪ್ಪೂದಿಲ್ಲೋ. ಒಪ್ಪೂಹಂಗ ಮಾಡೂದ ನಮ್ಮ ಕೆಲಸ.”

ಹಾಸುಹೊಕ್ಕು ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಮಗ್ಗದಲ್ಲಿ ಹಾಸು ಮೊದಲೇ ಉದ್ದಕ್ಕೆ ಬಿಗಿದು ನಿಂತಿರುತ್ತದೆ. ಹೊಕ್ಕನ್ನು ಲಾಳಿ ಅಡ್ಡಡ್ಡ ತಂದು ಸೇರಿಸುತ್ತದೆ. ರನ್ನನಿಗೆ ಪಂಪ ಹಾಸು. ಹಾಸು ಮತ್ತೊಬ್ಬರದು ಎಂದ ಮಾತ್ರಕ್ಕೆ ಬಟ್ಟೆ ಕದ್ದದ್ದಾಗುವುದಿಲ್ಲ. ಹಾಗಾದರೆ ರನ್ನನ ಹೊಕ್ಕು ಯಾವುದು?

ಕರ್ಣ, ಶಲ್ಯರೆಲ್ಲ ಬಿದ್ದ ಮೇಲೆ ದುರ್ಯೋಧನ ಸಂಜಯನ ಜೊತೆ ಭೀಷ್ಮರನ್ನು ಕಾಣಲು ರಣರಂಗದಲ್ಲಿ ನಡೆದು ಹೋಗುತ್ತಾನೆ. ದಾರಿಯುದ್ದಕ್ಕೂ ಹೆಣಗಳು. ದ್ರೋಣನ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ತನ್ನ ಮಗ ಲಕ್ಷಣಕುಮಾರನ ಮುಂದೆ ನಿಂತು, ಮಗ ತಂದೆಗೆ ಎಳ್ಳುನೀರು ಬಿಡುವುದು ರೂಢಿ, ಇಲ್ಲಿ ಎಲ್ಲ ತಿರುವುಮುರುವಾಯಿತಲ್ಲ ಎಂದು ಕೊರಗುತ್ತಾನೆ. ಮುಂದೆ ದುಶ್ಶಾಸನ, ಅದರಾಚೆ ಕರ್ಣ. ಮಕ್ಕಳಿರುವ ಯಾವ ತಂದೆತಾಯಿಯೂ ಈ ಭಾಗವನ್ನು ಒಂದೇ ಉಸಿರಿನಲ್ಲಿ ಓದಲಾರರು. ಒಂದು ದಿನದ ಕಥೆಯನ್ನು ಹಿಡಿದುಕೊಂಡು, ಸಿಂಹ ನಡೆಯುತ್ತ ನಡೆಯುತ್ತ ಹಿಂತಿರುಗಿ ನೋಡುವಂತೆ ಇಡೀ ಭಾರತವನ್ನು ನೋಡುವ ಈ ಬಗೆಗೆ ಸಿಂಹಾವಲೋಕನ ಎನ್ನುತ್ತಾರೆ. ಪಂಪನಲ್ಲಿ ಮಹಾಕಥೆಯ ಒಂದು ತಿರುವಾಗಿದ್ದದ್ದು ಇಲ್ಲಿ ಹತ್ತು ಆಶ್ವಾಸಗಳ ಇಡೀ ಕಾವ್ಯವಾಯಿತು. ಖಳನಾಯಕ ಎಂದು ನಾವು ತಿಳಿದಿದ್ದವನು ದುಃಖದಲ್ಲಿ ದೊಡ್ಡವನಾದ. ಬಳೆಗಾರರ ಹುಡುಗ ಅಪ್ಪನ ಬಳೆಯ ಮಲಾರ ಹೊರಲಿಲ್ಲ, ಪಂಪನ ಮಲಾರ ಹೊತ್ತ. ಆದರೆ ಅದರಲ್ಲಿ ಜೋಡಿಸಿದ ಬಳೆ ಅವನವೇ.

ಇಂಥದು ನಮ್ಮಲ್ಲಷ್ಟೇ ನಡೆದುದಲ್ಲ. ಗ್ರೀಕರ ಹೋಮರ್ ಕ್ರಿಸ್ತನಿಗಿಂತ ಸುಮಾರು ಎಂಟು ನೂರು ವರ್ಷ ಹಿಂದಿನವನೆಂದು ಹೇಳುತ್ತಾರೆ. ಟ್ರಾಯ್ ಯುದ್ಧದ ಕಥೆ ಅವನ ಇಲಿಯಡ್. ಯುದ್ಧ ಮುಗಿಸಿ ಅಲೆಯುತ್ತ ಮನೆಗೆ ಮರಳುವವನ ಕಥೆ ಒಡಿಸ್ಸಿ. ಕ್ರಿ.ಪೂ. 19ರಲ್ಲಿ ತೀರಿಕೊಂಡ ರೋಮಿನ ಕವಿ ವರ್ಜಿಲ್ ಲ್ಯಾಟಿನ್ನಿನಲ್ಲಿ ಈನಿಯಡ್ ಬರೆದಾಗ, ಹನ್ನೆರಡು ಕಾಂಡಗಳಲ್ಲಿ ಮೊದಲ ಆರನ್ನು ಒಡಿಸ್ಸಿಯ ಹಾಗೆ ಅಲೆದಾಟಕ್ಕೂ ಕೊನೆಯ ಆರನ್ನು ಇಲಿಯಡ್‌ನ ಹಾಗೆ ಯುದ್ಧಕ್ಕೂ ಮೀಸಲಿಟ್ಟ. ಒಡಿಸ್ಸಿಯ ನಾಯಕ ಸತ್ತವರ ಲೋಕಕ್ಕೆ ಹೋಗಿ ತಾಯಿಯ ನೆರಳನ್ನು ಮೂರು ಸಲ ಅಪ್ಪಿಕೊಳ್ಳಲು ಹೋಗುತ್ತಾನೆ. ಮೂರು ಸಲವೂ ತೋಳಿಗೆ ಏನೂ ಸಿಗುವುದಿಲ್ಲ. ಅಲ್ಲಿಯೇ ಹಳೆಯ ಸಿಟ್ಟು ಮರೆಯದ ಏಜಾಕ್ಸ್ ಮಾತಾಡದೆ ಮುಖ ತಿರುಗಿಸಿ ಹೋಗುತ್ತಾನೆ. ವರ್ಜಿಲನ ನಾಯಕ ಈನಿಯಸ್ ಕೂಡ ಆ ಲೋಕಕ್ಕೆ ಹೋಗುತ್ತಾನೆ. ಮೂರು ಸಲ ಅಪ್ಪಲು ಹೋಗುವುದು ತಂದೆಯನ್ನು. ಮಾತಾಡದೆ ಹೋಗುವವಳು ಅವನು ಬಿಟ್ಟುಬಂದ ರಾಣಿ ಡೈಡೋ. ಮೌನ ಅದೇ, ಆದರೆ ಯೋಧನ ಮುನಿಸಿನ ಜಾಗದಲ್ಲಿ ನೊಂದ ಹೆಣ್ಣಿನ ಮೌನ ಬಂದು ಕುಳಿತಿದೆ. ಮೊದಲನೆಯದನ್ನು ಓದಿದವರಿಗೆ ಎರಡನೆಯದು ಇನ್ನಷ್ಟು ತಟ್ಟುತ್ತದೆ.

ವರ್ಜಿಲನ ಮೇಲೂ ಕಳ್ಳತನದ ಮಾತು ಬಂದಿತ್ತು. ಅದಕ್ಕೆ ಅವನು, ಹರ್ಕ್ಯುಲಿಸನ ಕೈಯಿಂದ ಗದೆಯನ್ನು ಕಸಿದುಕೊಳ್ಳಬಹುದು, ಹೋಮರನಿಂದ ಒಂದು ಸಾಲು ಕಸಿಯುವುದು ಅದಕ್ಕಿಂತ ಕಷ್ಟ ಎಂಬರ್ಥದ ಉತ್ತರ ಕೊಟ್ಟನೆಂದು ಅವನ ಹಳೆಯ ಜೀವನಚರಿತ್ರೆ ಹೇಳುತ್ತದೆ. ಗದೆಯ ಮಾತು ಬಂದಾಗ ಮುಧೋಳದವನಿಗೆ ನಗು ಬರದೆ ಇದ್ದೀತೆ?

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹೆಣಗಳ ನಡುವೆ ನಡೆಯುವ ನಮ್ಮ ದುರ್ಯೋಧನನಿಗೂ ಸತ್ತವರ ಲೋಕಕ್ಕೆ ಹೋದ ಗ್ರೀಕ್ ವೀರನಿಗೂ ಎಷ್ಟೊಂದು ಹೋಲಿಕೆ! ಹಾಗೆಂದು ರನ್ನ ಹೋಮರನನ್ನು ಓದಿದ್ದನೆಂದು ಹೇಳಲು ಬರುವುದಿಲ್ಲ. 1886ರಲ್ಲಿ ನಮ್ಮ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಗ್ರೀಕ್ ತತ್ತ್ವಜ್ಞಾನಿಗಳನ್ನೂ ಉಪನಿಷತ್ತುಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ ವಿದ್ವಾಂಸರು. ಎರಡನ್ನು ಜೊತೆಗಿಟ್ಟು ನೋಡುವುದು ಬೇರೆ, ಒಂದು ಇನ್ನೊಂದರಿಂದ ಬಂತು ಎನ್ನುವುದು ಬೇರೆ. ದುಃಖ ಒಂದೇ ಆದಾಗ ಮಾತೂ ಒಂದೇ ಆಗಬಹುದು. ಹೋಲಿಕೆ ಕಂಡಲ್ಲೆಲ್ಲ ಕಳ್ಳನನ್ನು ಹುಡುಕಬಾರದು ಎಂಬುದು ನನ್ನಂಥ ಮಾಸ್ತರರು ಕಲಿಯಬೇಕಾದ ಪಾಠ.

ಆದರೆ ಗ್ರೀಕರ ದಾರಿ ಕೊನೆಗೂ ರನ್ನನ ದಾರಿಗೆ ಬಂದು ಕೂಡಿತು. ಕೂಡಿಸಿದವರು ಬಿ.ಎಂ.ಶ್ರೀ. ರನ್ನನ ಕಾವ್ಯದೊಳಗೆ ನಾಟಕವೇ ಅಡಗಿದೆ ಎಂದು ಕಂಡು 1926ರಲ್ಲಿ ಅದನ್ನು ‘ಗದಾಯುದ್ಧ ನಾಟಕಂ’ ಮಾಡಿದರು. 1929ರಲ್ಲಿ ಸಾಫೋಕ್ಲಿಸ್‌ನ ಏಜಾಕ್ಸ್ ನಾಟಕವನ್ನು ಭಾರತದ ಅಶ್ವತ್ಥಾಮನ ಮೇಲೆ ಕೂಡಿಸಿ ‘ಅಶ್ವತ್ಥಾಮನ್’ ಬರೆದರು. ಹೋಮರನಲ್ಲಿ ಮೌನವಾಗಿ ಮುಖ ತಿರುಗಿಸಿದ ಆ ಏಜಾಕ್ಸನೇ ಕನ್ನಡಕ್ಕೆ ಬಂದು ದ್ರೋಣನ ಮಗನಾದ.

ವಿಜ್ಞಾನದಲ್ಲಿ ಇದಕ್ಕಿಂತ ಬೇರೆ ಏನಿದೆ? ದೈತ್ಯರ ಹೆಗಲ ಮೇಲೆ ನಿಂತದ್ದರಿಂದಲೇ ನನಗೆ ದೂರ ಕಂಡಿತು ಎಂಬ ಅರ್ಥದಲ್ಲಿ ನ್ಯೂಟನ್ 1676ರ ಪತ್ರವೊಂದರಲ್ಲಿ ಬರೆದದ್ದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆ ಮಾತು ಕೂಡ ಅವನ ಸ್ವಂತದ್ದಲ್ಲ. ಹನ್ನೆರಡನೆಯ ಶತಮಾನದ ಬರ್ನಾರ್ಡ್ ಎಂಬ ಫ್ರೆಂಚ್ ಗುರುವಿನದು ಎಂಬುದು ನನಗೆ ತಿಳಿದದ್ದು ತೀರ ತಡವಾಗಿ.

ಹಾಗಾದರೆ ಕಾಪಿ ಹೊಡೆಯುವುದು ತಪ್ಪಲ್ಲವೇ ಎಂದು ವಿದ್ಯಾರ್ಥಿಗಳು ಸಂತೋಷಪಡಬೇಕಾಗಿಲ್ಲ. ತಪ್ಪೇ. ಮೊಬೈಲಿನಿಂದ ಇಳಿಸಿ, ಮೇಲೆ ತನ್ನ ಹೆಸರು ಬರೆದು ತಂದ ಪ್ರಬಂಧ ತಪ್ಪೇ. ಎರಡನ್ನೂ ಬೇರ್ಪಡಿಸಲು ನಾನೀಗ ಮೂರು ಪ್ರಶ್ನೆ ಕೇಳುತ್ತೇನೆ. ಎಲ್ಲಿಂದ ತಂದೆ? ತಂದದ್ದನ್ನು ಏನು ಮಾಡಿದೆ? ಯಾರಿಂದ ತಂದೆನೆಂದು ಹೇಳಲು ನಿನಗೆ ನಾಚಿಕೆಯೋ, ಹೆಮ್ಮೆಯೋ? ನಕಲು ಮಾಡಿದವನು ಮೊದಲ ಪ್ರಶ್ನೆಗೇ ತಡವರಿಸುತ್ತಾನೆ. ಮೂಲವನ್ನು ಯಾರೂ ನೋಡದಿರಲಿ ಎಂದು ಬೇಡಿಕೊಳ್ಳುತ್ತಾನೆ. ಕಲಿತವನಿಗೆ ಮೂಲವನ್ನೂ ಓದಿ ಬನ್ನಿ ಎನ್ನುವ ಧೈರ್ಯ ಇರುತ್ತದೆ. ಆ ಹುಡುಗಿ ಮೂರಕ್ಕೂ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದಳು. ರನ್ನನಲ್ಲಿ ಕರೆಯುವವನು ಶತ್ರು, ಬೆವರು ಸಿಟ್ಟಿನದು. ಅವಳಲ್ಲಿ ಕರೆಯುವವನು ಮನೆಯ ಯಜಮಾನ; ಎದ್ದು ಬರಲಾರದ ಮನೆಯ ಬೆವರು ಸಂಕಟದ್ದು. ಮಾತು ಹಳೆಯದು, ನೋವು ಹೊಸದು. ಅದು ನನಗೆ ಕಾಣಲಿಲ್ಲ.

ಕಳೆದ ಜೂನ್‌ನಲ್ಲಿ ಪ್ರವೇಶದ ದಿನ ಹೆಣ್ಣುಮಗಳೊಬ್ಬಳು ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. “ಸರ್, ಗುರುತು ಸಿಕ್ಕಿತ್ರಿ?” ಎಂದಳು. ಸಿಕ್ಕಿತು. ಫಾರ್ಮು ತುಂಬಿಸಿ, ಮಗಳನ್ನು ಆಚೆ ಕಳಿಸಿ, “ನಿಂದೊಂದು ಕವಿತಾ ಹರದಿದ್ದೆ ನಾನು. ತಪ್ಪು ನಂದಾಗಿತ್ತವಾ” ಎಂದೆ. ಇಷ್ಟು ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅಂಗೈ ಬೆವತಿತ್ತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಆಮ್ಯಾಲೆ ಬರೀಲಿಲ್ರಿ ಸರ್. ಬರೀಬೇಕನಿಸಿದಾಗೆಲ್ಲ ಯಾರೋ ಕೆಂಪು ಪೆನ್ನು ಹಿಡಕೊಂಡು ಹಿಂದ ನಿಂತಂಗ ಆಗತಿತ್ತು” ಎಂದಳು. ಸಿಟ್ಟಿನಿಂದೇನೂ ಹೇಳಲಿಲ್ಲ; ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ಕವಿತೆಯ ಪ್ರತಿ ಇದೆಯೇ ಎಂದು ಕೇಳಿದೆ. ಇಲ್ಲವಂತೆ. ಅಪ್ಪನೂ ತೀರಿಕೊಂಡಿದ್ದಾನಂತೆ.

ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣ ಬರೆಯಿಸಿದ ಅತ್ತಿಮಬ್ಬೆಯ ನೆನಪು ನನಗೆ ಆಗ ಬಂತು. ಪೊನ್ನನ ಶಾಂತಿಪುರಾಣ ಅಳಿದು ಹೋಗಬಾರದೆಂದು ಆ ತಾಯಿ ಸಾವಿರ ಪ್ರತಿ ಮಾಡಿಸಿ ಹಂಚಿದಳು. ನಕಲು ಎಂಬ ಮಾತಿಗೆ ಹಾಗೂ ಒಂದು ಅರ್ಥವಿತ್ತು. ನನ್ನ ಕೈಗೆ ಬಂದದ್ದು ಒಂದೇ ಒಂದು ಪ್ರತಿ. ಅದನ್ನು ನಾನು ಉಳಿಸಲಿಲ್ಲ.

ನಮ್ಮ ಶಾಲೆಯಲ್ಲಿ ಈಗ ಮತ್ತೆ ಗೋಡೆ ಪತ್ರಿಕೆ ಶುರುಮಾಡಿದ್ದೇವೆ. ಪ್ರತಿ ಬರಹದ ಕೆಳಗೆ ‘ಇದು ಯಾರಿಂದ ಹುಟ್ಟಿತು’ ಎಂಬ ಒಂದು ಸಾಲನ್ನು ಮಕ್ಕಳೇ ಬರೆಯಬೇಕು. ಒಬ್ಬ ಕುವೆಂಪು ಎಂದು ಬರೆಯುತ್ತಾನೆ, ಒಬ್ಬಳು ಅಜ್ಜಿ ಹೇಳಿದ ಕಥೆ ಎಂದು ಬರೆಯುತ್ತಾಳೆ. ಕೆಂಪು ಪೆನ್ನನ್ನು ನಾನು ಅಂಕ ಕೊಡಲು ಮಾತ್ರ ಬಳಸುತ್ತೇನೆ. ಪಾಲಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮಗು ಬರೆದದ್ದರಲ್ಲಿ ಎಲ್ಲೋ ಕೇಳಿದ ಮಾತು ಕಂಡರೆ ಬೈಯುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಿ; ಉತ್ತರ ಮುಗಿಯುವವರೆಗೆ ತಾಳ್ಮೆ ಇರಲಿ. ನಾನು ಅಂದು ಕೇಳಿದೆ, ಕೇಳಿಸಿಕೊಳ್ಳಲಿಲ್ಲ.

ಆ ಹೆಣ್ಣುಮಗಳ ಮಗಳು ಇನ್ನೂ ಏನನ್ನೂ ಬರೆದುಕೊಟ್ಟಿಲ್ಲ. ನಾನೂ ಅವಸರ ಮಾಡಿಲ್ಲ.